450ರೊಳಗ ಕ್ಯುಪೋಲಾ: ಇಂಡಕ್ಷನ್ ಹಾಕದನ ಪಾಸ್ ಆಗಿದ್ದು (ನನ್ನ ಅನುಭವ)

ಕಡೀಗೂ ನಮ್ಮ ಫೌಂಡ್ರಿ ಚಿಮಣಿ ಹೊಗಿಯ ಧೂಳಿನ ರಿಪೋರ್ಟ್ ಬಂತರಿ, 310 ಚಿಲ್ಲರ. ತಾಸಿಗೆ ಮೂರು ಟನ್ ಒಳಗ ಕರಗಿಸೋ ಕ್ಯುಪೋಲಾಕ್ಕ (ಕೋಕ್ ಉರಿಸಿ ಕಬ್ಬಿಣ ಕರಗಿಸೋ ಕುಲುಮಿ) ಧೂಳಿನ ಲಿಮಿಟ್ ಘನ ಮೀಟರ್ ಹೊಗಿಗೆ 450 ಮಿಲಿಗ್ರಾಂ ಅನ್ನೂದು ಫೌಂಡ್ರಿ ನಡಸೋರಿಗೆ ಹೇಳಬೇಕಾಗಿಲ್ಲ. ಬೆಳಗಾವಿಯ ಇಂಡಸ್ಟ್ರಿ ಏರಿಯಾ ಉದ್ಯಮಬಾಗದಾಗ ಚಾ ಅಂಗಡಿ ಮುಂದ ನಿಂತು ನಕ್ಕೋರು ಎಷ್ಟ ಮಂದಿ, "ಕ್ಯುಪೋಲಾ ಇಟ್ಕೊಂಡು ಪಾಸ್ ಆಗ್ತಿಯೇನಪಾ, ಸುಮ್ನ ಇಂಡಕ್ಷನ್ ಹಾಕು" ಅಂತ, ಅಂದ್ರ ಕರೆಂಟಿನ ಫರ್ನೇಸು. ಹಾಕೂನಲ್ಲ, ರೊಕ್ಕ ಅವರು ಕೊಡ್ತಾರೇನು? ಫರ್ನೇಸು, ಟ್ರಾನ್ಸ್‌ಫಾರ್ಮರು, ಲೋಡಿನ ಡಿಪಾಸಿಟ್ಟು ಎಲ್ಲಾ ಕೂಡಿ 70 ಲಕ್ಷದ ಆಸುಪಾಸು ಲೆಕ್ಕ ಬಂದಿತ್ತು, ನಂದು 27 ಇಂಚಿನ ಕ್ಯುಪೋಲಾ, ವಾರಕ್ಕ ಎರಡ ಹೀಟ್ (ಕರಗಿಸೋ ಪಾಳಿ), ಹೀಟಿಗೆ ಒಂದು 12 ಟನ್, ಇಷ್ಟರಾಗ 70 ಲಕ್ಷದ ಬಡ್ಡಿ ಕಟ್ಟಿ ಮೋಲ್ಡರ್‌ಗಳಿಗೆ ಪಗಾರ ಎಲ್ಲಿಂದ ಕೊಡ್ಲಿ.

ಮೊದಲನೇ ಟೆಸ್ಟಿನಾಗ 1100ರ ಮ್ಯಾಲೆ ಬಂದಿತ್ತು. ನೋಟಿಸ್ ಬಂತು, ಮಾಲಿನ್ಯ ಮಂಡಳಿ ಕನ್ಸೆಂಟ್ (ಫೌಂಡ್ರಿ ನಡಸೋ ಪರವಾನಗಿ) ರಿನ್ಯೂವಲ್ ನಿಂತಿತು. ಫ್ಯಾಬ್ರಿಕೇಟರ್ ಒಬ್ಬ ಸೈಕ್ಲೋನ್ ಹಾಕ್ರಿ ಸಾಹೇಬ್ರ, ಹೊಗಿ ಗರಗರ ತಿರುಗಿಸಿ ಧೂಳು ಕೆಳಗ ಕೆಡವ್ತದ, ಎಲ್ಲಾ ಹಿಡೀತದ ಅಂದ. 1.8 ಲಕ್ಷ ಕೊಟ್ಟೆ. ಮೊದಲ ಹೀಟಿನಾಗ ಕೆಳಗಿನ ಡ್ರಮ್ಮು ತುಂಬ ರವಾದಂಥಾ ಧೂಳು ಬಿತ್ತು, ನೋಡಿ ಪೇಡಾ ಹಂಚಿದೆ, ಖರೇನ ಹಂಚಿದೆ. ಟೆಸ್ಟ್ ಮಾಡಿಸಿದ್ರ 780. ದಪ್ಪಂದಷ್ಟ ಹಿಡದಿತ್ತು, ಸಣ್ಣ ಕೆಂಪು ಹೊಗಿ ಮಾತ್ರ ನೆಟ್ಟಗ ಮ್ಯಾಲೆ ಹೋಗ್ತಿತ್ತು.

ಆ ಟೈಮಿನಾಗ ಒಬ್ಬ ಮಹಾನುಭಾವ ಬಂದು ರಿಪೋರ್ಟ್ ಎಷ್ಟಕ್ಕ ಬೇಕು ಹೇಳ್ರಿ, ಅಷ್ಟಕ್ಕ ಮಾಡಸ್ತೀನಿ ಅಂದ. ಹಿಂದಿನ ಓಣಿಯ ಅಕ್ಕಾರು ಒಣಗ ಹಾಕಿದ ಅರಿವಿ ಹಿಡ್ಕೊಂಡು ಗೇಟಿಗೆ ಬರ್ತಾರ, ಅವರಿಗೆ ಆ ರಿಪೋರ್ಟ್ ತೋರಸ್ಲೇನ? ಕಳಿಸಿದೆ ಅವನ್ನ.

ಆಮ್ಯಾಲ ವೆಟ್ ಸ್ಕ್ರಬ್ಬರ್, ಹೊಗಿಗೆ ನೀರು ಹೊಡದು ತೊಳಿಯೋದು. ವೆಂಚುರಿ (ಇಕ್ಕಟ್ಟಾದ ಕೊರಳಿನ ಸ್ಕ್ರಬ್ಬರ್) ಕೊಟೇಶನ್ 22 ಲಕ್ಷ, ಕಾಗದ ಮಡಚಿ ಕಿಸೇದಾಗ ಇಟ್ಟೆ. ನಾವ ಎಂಎಸ್ (ಸಾದಾ ಉಕ್ಕು) ಪ್ಲೇಟಿನಾಗ ಒಂದು ಮಾಡಿಸಿದ್ವಿ, ನಾಕ ತಿಂಗಳಿಗೆ ಜರಡಿ ಆತು. ಕೋಕಿನಾಗಿನ ಗಂಧಕ ಹೊಗಿಗೂಡ ನೀರಿಗೆ ಬಂದು ಪಿಎಚ್ 4ಕ್ಕ ಇಳದಿತ್ತು, ಅಂದ್ರ ನೀರು ಆಸಿಡ್ ಆಗಿತ್ತು, ಪಂಪಿನ ಇಂಪೆಲ್ಲರ್ ಅಂತೂ ಇಲಿ ಕಡದ ರೊಟ್ಟಿ ಆಗಿತ್ತು. ಎರಡನೇ ಸಲ 304 ಸ್ಟೇನ್‌ಲೆಸ್, ಟ್ಯಾಂಕಿಗೆ ಸುಣ್ಣ, ಹೀಟ್ ನಡೆಯೋ ಹೊತ್ತಿಗೆ ಅರ್ಧಾ ತಾಸಿಗೊಮ್ಮೆ ಹುಡುಗ ಪಿಎಚ್ ಪಟ್ಟಿ ಅದ್ದಿ ನೋಡ್ತಾನ. ಇದಕ್ಕ ಸುಮಾರು ಆರೂವರಿ ಲಕ್ಷ. ಆದ್ರೂ 520 ಬಂತು!

ಅವಾಗ ತಲೀಗೆ ಹೊಳದದ್ದು, ಹೊಗಿ ಹಿಡಿಯೂದಕ್ಕಿಂತ ಮೊದಲು ಹೊಗಿ ಯಾಕ ಆಗಾಕತ್ತೇತಿ ನೋಡೂಣು ಅಂತ. ನಮ್ಮ ಮೆಲ್ಟರ್ ಕಾಕಾ ಮೂವತ್ತ ವರ್ಷದ ಅನುಭವಸ್ಥ, ಪುಡಿ ಕೋಕನ್ನೂ ಸಲಕಿಲೆ ಎಳದು ಹಾಕವರ. ಜಾಳಗಿ ಇಟ್ಟು ಸೋಸಿದ್ವಿ, ಕಾಕಾ ಎರಡ ದಿನಾ ಮಾತಾಡಲಿಲ್ಲ. ಗ್ಯಾಲ್ವನೈಸ್ ತಗಡು ಬಂದ್ ಮಾಡಿದ್ವಿ, ಬಿಳೇ ಹೊಗಿ ಅಂತೀವಲ್ಲ ಅದು ಬಹುಪಾಲು ಅದರ ಜಿಂಕ್. ಎಣ್ಣಿ ಹತ್ತಿದ ಬೋರಿಂಗ್ (ಲೇಥಿನ ಚೂರು) ಸೈತ ಬ್ಯಾಡ ಅಂದೆ. ಸ್ಕ್ರ್ಯಾಪಿನವ ಕಿಲೋಕ್ಕ ಎರಡ ರೂಪಾಯಿ ಏರಿಸಿದ, ಏರಸ್ಲಿ.

ದೊಡ್ಡ ಫರಕ್ ಬಿದ್ದದ್ದು ಡಿವೈಡೆಡ್ ಬ್ಲಾಸ್ಟಿಗೆ, ಅಂದ್ರ ಗಾಳಿ ಎರಡ ಸಾಲಿನಾಗ ಹಂಚಿ ಊದೋದು. ಕೋಲ್ಕತ್ತಾ ಹತ್ರದ ಹೌರಾದ ಫೌಂಡ್ರಿಯೊಳಗ ಟೇರಿಯವರು (ದಿಲ್ಲಿಯ ಇಂಧನ ಸಂಶೋಧನಾ ಸಂಸ್ಥೆ) 1998ರಾಗ ಮಾಡಿ ತೋರಿಸಿದ್ದ, ಹೊಸಾದೇನಲ್ಲ, ಆದ್ರ ಇಲ್ಲಿ ನನಗ ಯಾರೂ ಹೂಂ ಅನ್ನಲಿಲ್ಲ. ಎರಡನೇ ಸಾಲು ಟ್ಯೂಯರ್ (ಗಾಳಿ ಊದೋ ತೂತು) ಮೊದಲನೇದಕ್ಕಿಂತ ಮೂರು ಫೂಟು ಮ್ಯಾಲೆ, ಗಾಳಿ ಎರಡಕ್ಕೂ ಬ್ಯಾರೆ ಬ್ಯಾರೆ ವಾಲ್ವ್. ಹಂಚಿಕಿ ಎಷ್ಟಕ್ಕೆಷ್ಟು ಅಂತ ಬರಿಯೂದಿಲ್ಲ, ಮೂರ ಹೀಟ್ ತಣ್ಣಗಿನ ಕಬ್ಬಿಣ ಬಂದು ಮೋಲ್ಡ್ ಎಲ್ಲಾ ವೇಸ್ಟ್ ಆದಮ್ಯಾಲ ಸಿಕ್ಕಿದ್ದದು. ಕರಗಿಸೋ ಕಬ್ಬಿಣದ ತೂಕಕ್ಕ ಕೋಕ್ 14 ಪರ್ಸೆಂಟ್ ಇದ್ದದ್ದು 11ಕ್ಕ ಬಂತು. ತಿಂಗಳಿಗೆ ಹತ್ತತ್ರ ಮೂರ ಟನ್ ಕೋಕ್ ಉಳೀತು, ಕಿಲೋ 35 ರೂಪಾಯಿ ಹಿಡೀರಿ, ಲಕ್ಷದ ಮಾತು. ಸ್ಕ್ರಬ್ಬರಿನ ರೊಕ್ಕ ಅದ ತೀರಿಸಾಕತ್ತೇತಿ.

ಇನ್ನೊಂದು, ಚಾರ್ಜಿಂಗ್ ಡೋರ್, ಕೋಕು ಸ್ಕ್ರ್ಯಾಪು ಒಳಗ ಹಾಕೋ ಬಾಗಲಾ. ಅದು ಬಾಯಿ ತಕ್ಕೊಂಡು ನಿಂತ್ರ ಹೊರಗಿನ ಗಾಳಿ ಎಲ್ಲಾ ಒಳಗ ಎಳೀತದ, ಸ್ಕ್ರಬ್ಬರ್ ಆ ಗಾಳೀನೂ ತೊಳೀಬೇಕು, ಫ್ಯಾನ್ ಸಾಲೂದಿಲ್ಲ. ನಾ ಮೊದಲು 10 ಎಚ್‌ಪಿ ಮೋಟರ್ ತಗದು 15 ಹಾಕಿ ಕರೆಂಟ್ ಬಿಲ್ ಏರಿಸಿಕೊಂಡೆ, ಆಮ್ಯಾಲ ನಾಕ ಸಾವಿರದಾಗ ಒಂದು ಜೋತಾಡೋ ಬಾಗಲಾ ಮಾಡಿಸಿದ್ರ ಹಳೇ ಮೋಟರ್ ಸಾಕಾಗ್ತಿತ್ತು ಅಂತ ತಿಳೀತು. ಸ್ಕ್ರಬ್ಬರಿನ ನೀರಿನ ನಾಝಲ್ ಯಾವ ಕೋನದಾಗ ಕುಂಡ್ರಿಸೀನಿ ಅನ್ನೂದು ಮಾತ್ರ ಶಾಪಿಗೆ ಬಂದು ನೋಡ್ರಿ, ಚಾ ನಂದು.

ಟೆಸ್ಟೂ ಒಂದು ಹಾಳಾತು. ಹೊಗಿ ಸ್ಯಾಂಪಲ್ ತಗಿಯೋ ಪೋರ್ಟ್ (ತೂತು) ಬೆಂಡಿನ ಮಗ್ಗಲ್ಕ ಇತ್ತು, ಲ್ಯಾಬಿನ ಹುಡುಗ ಇಲ್ಲಿ ಹರಿವು ಸರಿ ಇಲ್ರಿ ಅಂತ ವಾಪಸ್ ಹೋದ. ಬೆಂಡಿನಿಂದ ಎಂಟು ಡಯಾ (ಚಿಮಣಿ ಅಗಲದ ಎಂಟ ಪಟ್ಟು) ಮ್ಯಾಲೆ, ಮ್ಯಾಲಿನ ಬಾಯಿಂದ ಎರಡು ಡಯಾ ಕೆಳಗ ಪೋರ್ಟ್ ಕೊರಿಸಿ, ನಿಚ್ಚಣಿಕಿ, ಪ್ಲಾಟ್‌ಫಾರ್ಮ್ ಎಲ್ಲಾ ಸೇರಿ 60 ಸಾವಿರ. ಚಿಮಣಿ ಕಟ್ಟೂ ಮುಂದ ಇದನ್ನ ಮಾಡಿದ್ರ ಹತ್ತು ಸಾವಿರದಾಗ ಮುಗೀತಿತ್ತು.

ನಡಬರಕ ಒಂದು ಹುಚ್ಚಾಟ, ಸ್ಕ್ರಬ್ಬರಿನ ಕೆಸರು, ಸುಟ್ಟ ಉಸುಕು, ಸಿಮೆಂಟ್ ಕಲಸಿ ಪೇವರ್ ಬ್ಲಾಕ್ ಒತ್ತಿದ್ವಿ. ಚಂದ ಕಾಣ್ತಿದ್ವು. ಬೆಳಗಾವಿ ಮಳಿಗೆ ಎಂಟ ದಿನಾ ಸೈತ ತಡೀಲಿಲ್ಲ.

ಹೊತ್ತಿಸೋ ಹೊತ್ತಿನ ಕರೀ ಹೊಗಿ ಇನ್ನೂ ಹಂಗ ಐತಿ. ಕಟಗಿ ಬದಲಿ ಗ್ಯಾಸ್ ಬರ್ನರ್ ಹಚ್ಚಿ ನೋಡಾಕತ್ತೀನಿ, ಎರಡ ಸಿಲಿಂಡರ್ ಹೋದ್ವು, ತಳದ ಕೋಕ್ ಬೆಡ್ ಒಂದ ಮಗ್ಗಲಷ್ಟ ಕೆಂಪಾಗ್ತೈತಿ. ಶನಿವಾರದ ಹೀಟಿಗೆ ಬರ್ನರ್ ಎರಡ ಹಾಕಿ ನೋಡ್ಬೇಕು.