ಗಣಪತಿಯಿಂದ ಬನ್ನಿವರೆಗೆ: ನಮ್ಮ ರೋಬೋಟಿನ ಮೊದಲ ಐದು ವಾರ

2024ರ ಸೆಪ್ಟೆಂಬರ್ 7, ಗಣೇಶ ಚೌತಿ. ಹುಬ್ಬಳ್ಳಿಯಲ್ಲಿ ಆ ರಾತ್ರಿ ಯಾವ ಓಣಿಗೆ ಹೋದರೂ ಪೆಂಡಾಲು, ಡೊಳ್ಳು, ಪಟಾಕಿ. ಅದೇ ದಿನ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಯಾದ ಫಸ್ಟ್ ಟೆಕ್ ಚಾಲೆಂಜ್‌ನ ಆ ವರ್ಷದ ಆಟ ಬಿಡುಗಡೆ ಆಯಿತು. ಹೆಸರು ಇನ್‌ಟು ದಿ ಡೀಪ್. ನಮ್ಮ ಮಷೀನ್ ಶಾಪಿನ ಮೇಲಿನ ರೂಮಿನಲ್ಲಿ ಹನ್ನೊಂದು ಮಕ್ಕಳು ಒಂದೇ ಲ್ಯಾಪ್‌ಟಾಪಿನ ಸುತ್ತ ಕೂತು, ಹೊರಗಿನ ಗದ್ದಲದಲ್ಲಿ ಮಾತು ಸರಿಯಾಗಿ ಕೇಳಿಸದೆ, ವಿಡಿಯೋವನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದರು.

ನಾನು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇಥ್ ಇಟ್ಟುಕೊಂಡವನು, ಮಾಸ್ತರ ಅಲ್ಲ. ಎರಡು ಟೀಮಿನ ಮಕ್ಕಳಿಗೆ ಸಂಜೆ ಹೊತ್ತು ಜೊತೆಗಿರುತ್ತೇನೆ, ಒಂದು ಹುಬ್ಬಳ್ಳಿಯದು, ಇನ್ನೊಂದು ಧಾರವಾಡದ್ದು. ಗದಗ, ಹಾವೇರಿ ಕಡೆಯ ಪರಿಚಯದವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: ಶುರು ಹೇಗೆ ಮಾಡಬೇಕು? ಅದಕ್ಕೇ ಆ ಮೊದಲ ಐದು ವಾರದ್ದು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ರೋಬೋಟ್ ನೋಡೋಕೆ ಏನೂ ಅಲ್ಲದ ಹಾಗೆ ಇದ್ದ ದಿನಗಳು ಅವು, ಆದರೆ ಮುಂದಿನದೆಲ್ಲ ನಿಂತದ್ದು ಅವುಗಳ ಮೇಲೇ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಣ 12 ಅಡಿ ಉದ್ದ, 12 ಅಡಿ ಅಗಲ. ನೆಲಕ್ಕೆ 24 ಇಂಚಿನ 36 ಫೋಮ್ ಟೈಲ್. ಶುರುವಿನಲ್ಲಿ ರೋಬೋಟ್ ಪೂರ್ತಿ 18 ಇಂಚಿನ ಚೌಕದ ಡಬ್ಬಿಯೊಳಗೆ ಹಿಡಿಸಬೇಕು. ಮೊದಲ 30 ಸೆಕೆಂಡ್ ಯಾರೂ ಮುಟ್ಟುವ ಹಾಗಿಲ್ಲ, ಬರೆದಿಟ್ಟ ಪ್ರೋಗ್ರಾಮ್ ಮೇಲೆ ತಾನೇ ಓಡಬೇಕು. ಆಮೇಲೆ 2 ನಿಮಿಷ ಮಕ್ಕಳು ಗೇಮ್‌ಪ್ಯಾಡ್ ಹಿಡಿದು ಓಡಿಸುತ್ತಾರೆ. ಎರಡು ಟೀಮಿನ ವಿರುದ್ಧ ಎರಡು ಟೀಮ್. ಆ ವರ್ಷದ ಆಟದಲ್ಲಿ ನಡುವೆ ಒಂದು ಚೌಕಟ್ಟು, ಅದರೊಳಗೆ ಕೆಂಪು, ನೀಲಿ, ಹಳದಿ ತುಂಡುಗಳು. ಒಂದೊಂದೂ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಉದ್ದ. ಅದನ್ನು ತಂದು ಮೂಲೆಯ ಬುಟ್ಟಿಗೆ ಹಾಕಬೇಕು. ಕೆಳಗಿನ ಬುಟ್ಟಿ 25.75 ಇಂಚು ಎತ್ತರ, 4 ಅಂಕ. ಮೇಲಿನದು 43 ಇಂಚು, 8 ಅಂಕ.

ಆ 8 ಅಂಕ ಕೇಳಿದ್ದೇ ತಡ, ಎಲ್ಲರ ಕಣ್ಣೂ ಮೇಲಿನ ಬುಟ್ಟಿಯ ಮೇಲೆ. ಮರುದಿನವೇ ಬೋಲ್ಟ್ ಬಿಗಿಯೋಕೆ ಕೂರುವವರಿದ್ದರು. ಆದರೆ ಸಾಮಾನೇ ಇರಲಿಲ್ಲ. ಹೊರದೇಶದಿಂದ ಬರಬೇಕಾದ ಚಾನೆಲ್ (ಚೌಕಟ್ಟು ಕಟ್ಟುವ ಲೋಹದ ಪಟ್ಟಿ), ಚಕ್ರ ಎಲ್ಲ ದಾರಿಯಲ್ಲಿದ್ದವು. ಆ ತಡದಿಂದ ನಮಗೆ ಒಳ್ಳೆಯದೇ ಆಯಿತು ಅಂತ ಈಗ ಅನಿಸುತ್ತದೆ.

ಮೊದಲ ವಾರ ಮಕ್ಕಳೇ ರೋಬೋಟ್ ಆದರು. ಶಾಪಿನ ನೆಲದ ಮೇಲೆ ಟೇಪ್ ಅಂಟಿಸಿ ಕಣ ಮಾಡಿದೆವು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಅಪ್ಪ ಬಡಗಿ, ಅವರು ಉಳಿದ ಕಟ್ಟಿಗೆಯಲ್ಲಿ 24 ತುಂಡು ಕೊಯ್ದು ಕೊಟ್ಟರು. ಬುಟ್ಟಿಗೆ ಎರಡು ಪ್ಲಾಸ್ಟಿಕ್ ಟಬ್, ಸ್ಟೂಲ್ ಮೇಲೆ ಒಂದು, ಕಿಟಕಿಗೆ ಕಟ್ಟಿ ಇನ್ನೊಂದು. ಒಬ್ಬ ಹುಡುಗ ಕೈಯಲ್ಲಿ ಅಡುಗೆಮನೆಯ ಇಕ್ಕಳ ಹಿಡಿದು ನಡೆಯಬೇಕು, ಬಗ್ಗಿ ತುಂಡು ಹಿಡಿಯಬೇಕು, ತಂದು ಹಾಕಬೇಕು. ಇನ್ನೊಬ್ಬಳು ಮೊಬೈಲಿನಲ್ಲಿ ಟೈಮ್ ಹಿಡಿದು ಪುಸ್ತಕದಲ್ಲಿ ಬರೆಯಬೇಕು. ಬರೆದದ್ದು ಕನ್ನಡದಲ್ಲೇ. ಕೊನೆಗೆ ಜಡ್ಜ್‌ಗಳ ಮುಂದೆ ಇಡುವ 15 ಪುಟದ ಪೋರ್ಟ್‌ಫೋಲಿಯೋ ಇಂಗ್ಲಿಷಿನಲ್ಲಿ ಇರಲಿ, ದಿನದ ನೋಟ್‌ಬುಕ್ ಮಾತ್ರ ಮಕ್ಕಳು ಯೋಚನೆ ಮಾಡುವ ಭಾಷೆಯಲ್ಲೇ ಇರಬೇಕು ಅಂತ ನಾನು ಹಟ ಹಿಡಿದಿದ್ದೆ. ಅದರಿಂದ ಎಂಟನೇ ಕ್ಲಾಸಿನ ಮಕ್ಕಳೂ ಬರೆಯೋಕೆ ಶುರು ಮಾಡಿದರು.

ಎರಡು ದಿನ ಆಡಿದ ಮೇಲೆ ಪುಸ್ತಕದಲ್ಲಿ ಒಂದು ವಿಷಯ ಎದ್ದು ಕಂಡಿತು. ಓಡಾಟಕ್ಕೆ ಮೂರು ಸೆಕೆಂಡ್ ಸಾಕು. ಬುಟ್ಟಿಗೆ ಹಾಕೋಕೆ ಎರಡು. ಆದರೆ ಅಡ್ಡಾದಿಡ್ಡಿ ಬಿದ್ದ ತುಂಡನ್ನು ಸರಿಯಾಗಿ ಹಿಡಿಯೋಕೆ ಏಳೆಂಟು ಸೆಕೆಂಡ್. ಟೈಮ್ ಬರೆಯುತ್ತಿದ್ದ ಹುಡುಗಿಯೇ ಹೇಳಿದಳು, "ಸರ, ಎತ್ತರದ ಚಿಂತಿ ಆಮ್ಯಾಲ ಮಾಡೋಣ್ರಿ. ಮೊದಲ ಹಿಡಿಯಾಕ ಬರಬೇಕಲ್ರಿ." ಅಲ್ಲಿಂದ ಕೆಲಸದ ದಾರಿಯೇ ಬದಲಾಯಿತು. ಸಾಮಾನು ಬರುವ ಮೊದಲೇ ರಟ್ಟು, ಐಸ್‌ಕ್ರೀಮ್ ಕಡ್ಡಿ, ಒಂದು ಸಣ್ಣ ಸರ್ವೋ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟರ್) ಇಟ್ಟುಕೊಂಡು ಹಿಡಿಕೆ ಮಾಡಿ ನೋಡಿದರು. ಮೊದಲ ಐದು ಹಿಡಿಕೆಗಳಲ್ಲಿ ತುಂಡು ಜಾರಿತು. ಆರನೆಯದಕ್ಕೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಒಳಗಡೆ ಅಂಟಿಸಿದರು. ಟ್ಯೂಬಿನ ಹೊರಮೈಯಲ್ಲ, ಪುಡಿ ಒರೆಸಿ ತೊಳೆದ ಒಳಮೈ. ತುಂಡು ಓರೆಯಾಗಿ ಸಿಕ್ಕರೂ ಬಿಡಲಿಲ್ಲ. ಕೊನೆಯವರೆಗೂ ನಮ್ಮ ರೋಬೋಟಿನಲ್ಲಿ ಇದ್ದದ್ದು ಅದೇ ಟ್ಯೂಬ್.

ಮೂರನೇ ವಾರ ಸಾಮಾನು ಬಂತು. ಇಲ್ಲಿ ನಾನು ಇಟ್ಟ ನಿಯಮ ಒಂದೇ: ಮೂರು ದಿನದೊಳಗೆ ನಾಲ್ಕು ಚಕ್ರದ ಗಾಡಿ ನೆಲದ ಮೇಲೆ ಓಡಬೇಕು, ಮೇಲೆ ಏನೂ ಇಲ್ಲದಿದ್ದರೂ ಪರವಾಗಿಲ್ಲ. ಗಾಡಿ ಓಡಿದರೆ ಪ್ರೋಗ್ರಾಮ್ ಬರೆಯುವವರಿಗೆ ಕೆಲಸ ಸಿಗುತ್ತದೆ, ಓಡಿಸುವವರಿಗೆ ಕೈ ಪಳಗುತ್ತದೆ. ಇಲ್ಲದಿದ್ದರೆ ಇಬ್ಬರು ಸ್ಕ್ರೂ ಬಿಗಿಯುತ್ತಾರೆ, ಉಳಿದವರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಗಾಡಿಯನ್ನು ನಡೆಸುವ ಸಣ್ಣ ಕಂಪ್ಯೂಟರಿನ ಹೆಸರು ಕಂಟ್ರೋಲ್ ಹಬ್, ಅದಕ್ಕೆ ತನ್ನದೇ ವೈಫೈ ಇದೆ, ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ 192.168.43.1:8080 ಅಂತ ಹೊಡೆದರೆ ಚೌಕಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ಬ್ಲಾಕ್ಸ್ ತೆರೆದುಕೊಳ್ಳುತ್ತದೆ. ಇಂಟರ್ನೆಟ್ ಬೇಡ. ಕರೆಂಟ್ ಹೋದಾಗಲೂ ಲ್ಯಾಪ್‌ಟಾಪಿನ ಚಾರ್ಜ್ ಇರುವಷ್ಟು ಹೊತ್ತು ಕೆಲಸ ನಿಲ್ಲಲಿಲ್ಲ.

ಹುಬ್ಬಳ್ಳಿ ಟೀಮ್ ಹಾಕಿದ್ದು ಮೆಕ್ಯಾನಮ್ ಚಕ್ರ. ಈ ಚಕ್ರದ ಸುತ್ತ ಸಣ್ಣ ಸಣ್ಣ ರೋಲರ್ ಇರುತ್ತವೆ, 45 ಡಿಗ್ರಿ ಓರೆಯಾಗಿ. ಒಂದೊಂದು ಚಕ್ರವನ್ನೂ ಲೆಕ್ಕದ ಪ್ರಕಾರ ಹಿಂದೆ ಮುಂದೆ ತಿರುಗಿಸಿದರೆ ಗಾಡಿ ಮುಖ ತಿರುಗಿಸದೆ ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತದೆ. ನಮ್ಮದು ಮುಂದೆ ಹೋಯಿತು, ಹಿಂದೆ ಬಂತು. ಪಕ್ಕಕ್ಕೆ ಹೋಗು ಅಂದರೆ ಮಾತ್ರ ನಿಂತಲ್ಲೇ ಗಿರಗಿರ ತಿರುಗಿತು. ಎರಡು ಸಂಜೆ ಪ್ರೋಗ್ರಾಮ್ ತಿದ್ದಿದ್ದೇ ತಿದ್ದಿದ್ದು. ನನಗೆ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು, ಹೇಳಲಿಲ್ಲ. ಬಾಯಿ ಬಿಗಿ ಹಿಡಿದು ಕೂರುವುದು ಎಷ್ಟು ಕಷ್ಟ ಅಂತ ಜೊತೆಗಿದ್ದವರಿಗೇ ಗೊತ್ತು. ಮೂರನೇ ಸಂಜೆ ಬಡಗಿಯ ಮಗಳು ಸ್ಟೂಲ್ ಹತ್ತಿ ನಿಂತು ಗಾಡಿಯನ್ನು ಮೇಲಿಂದ ನೋಡಿದಳು. ಆಮೇಲೆ ಇಳಿದು ಬಂದು ಚಾಕ್‌ಪೀಸಿನಿಂದ ನೆಲದ ಮೇಲೆ ನಾಲ್ಕು ಗೆರೆ ಎಳೆದಳು. ಮೇಲಿಂದ ನೋಡಿದಾಗ ನಾಲ್ಕೂ ಚಕ್ರದ ರೋಲರ್ ಸೇರಿ ಇಂಗ್ಲಿಷಿನ ಎಕ್ಸ್ ಆಕಾರ ಕಾಣಬೇಕು. ನಮ್ಮದರಲ್ಲಿ ಹಿಂದಿನ ಎರಡು ಚಕ್ರ ಎಡಬಲ ಅದಲು ಬದಲಾಗಿದ್ದವು. ಮುಂದಿನ ಎರಡು ಬಲಕ್ಕೆ ತಳ್ಳಿದರೆ ಹಿಂದಿನ ಎರಡು ಎಡಕ್ಕೆ ತಳ್ಳುತ್ತಿದ್ದವು, ಗಾಡಿ ತಿರುಗದೆ ಇನ್ನೇನು ಮಾಡೀತು? ಹತ್ತು ನಿಮಿಷದಲ್ಲಿ ಬಿಚ್ಚಿ ಹಾಕಿದರು. ಗಾಡಿ ಪಕ್ಕಕ್ಕೆ ಜಾರಿದಾಗ ಕೆಳಗೆ ಲೇಥ್ ಮೇಲಿದ್ದ ನಮ್ಮ ಹುಡುಗರೂ ಮಷೀನ್ ಬಂದ್ ಮಾಡಿ ಮೇಲೆ ಓಡಿ ಬಂದರು.

ಧಾರವಾಡದಲ್ಲಿ ನಾನು ಹಾಗೆ ಸುಮ್ಮನಿರಲಿಲ್ಲ. ಅದನ್ನೂ ಹೇಳಬೇಕು. ಅವರದು ಹಳೇ ಮೋಟರ್, 6 ಮಿಲಿಮೀಟರ್ ಶಾಫ್ಟ್, ಒಂದು ಮಗ್ಗುಲು ಚಪ್ಪಟೆ. ಚಕ್ರವನ್ನು ಶಾಫ್ಟಿಗೆ ಸೇರಿಸುವ ಹಬ್ ಹಿಡಿದುಕೊಳ್ಳುವುದು ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಮೇಲೆ. ಗಾಡಿ ಒಂದು ಕಡೆ ಎಳೆಯುತ್ತಿತ್ತು. ಒಂದು ಚಕ್ರದ ಸ್ಕ್ರೂ ಸಡಿಲಾಗಿ ಶಾಫ್ಟ್ ಒಳಗೇ ತಿರುಗುತ್ತಿತ್ತು. ನಾನು ಏನು ಮಾಡಿದೆ? ಹಬ್ ಕಿತ್ತು ಜೇಬಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಬಂದೆ, ರಾತ್ರಿ ಲೇಥ್ ಮೇಲೆ ಹೊಸದು ಮಾಡಿ, ಎರಡು ಸ್ಕ್ರೂಗೆ ಟ್ಯಾಪ್ ಹೊಡೆದು, ಮರುದಿನ ತೆಗೆದುಕೊಂಡು ಹೋಗಿ ಕೂರಿಸಿದೆ. ಗಾಡಿ ನೆಟ್ಟಗೆ ಓಡಿತು. ಮಕ್ಕಳು ಚಪ್ಪಾಳೆ ಹೊಡೆದರು. ನಾಲ್ಕು ದಿನದ ಮೇಲೆ ಇನ್ನೊಂದು ಚಕ್ರದಲ್ಲಿ ಅದೇ ತೊಂದರೆ. ನಾನು ಹೋಗುವವರೆಗೆ ಎರಡು ಸಂಜೆ ಆ ಮಕ್ಕಳು ಗಾಡಿ ಮುಟ್ಟದೆ ಕೂತಿದ್ದರು. "ನೀವು ಬರ್ತೀರಿ ಅಂತ ಕಾಯ್ತಿದ್ವಿ ಸರ" ಅಂದರು. ಆ ಮಾತು ನನಗೆ ಬಹಳ ನಾಟಿತು. ಎರಡು ಸಂಜೆ ಹಾಳಾಗಿದ್ದು ಸ್ಕ್ರೂನಿಂದ ಅಲ್ಲ, ನನ್ನಿಂದ.

ಆವತ್ತು ನಾನು ಏನನ್ನೂ ಮುಟ್ಟಲಿಲ್ಲ, ಪಕ್ಕದಲ್ಲಿ ಕೂತು ಅವರಿಂದಲೇ ಮಾಡಿಸಿದೆ. ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಮಗ್ಗುಲ ಮೇಲೆ ಸರಿಯಾಗಿ ಕೂರಬೇಕು, ದುಂಡು ಭಾಗದ ಮೇಲೆ ಕೂತರೆ ಎಷ್ಟು ಬಿಗಿದರೂ ಜಾರುತ್ತದೆ. ಸ್ಕ್ರೂ ಸಡಿಲಾಗದ ಹಾಗೆ ಹಿಡಿಯುವ ಅಂಟು, ಥ್ರೆಡ್ ಲಾಕರ್, ಒಂದು ಹನಿ ಹಾಕಬೇಕು, ಒಣಗೋಕೆ ಒಂದು ರಾತ್ರಿ ಬಿಡಬೇಕು. ಕೊನೆಗೆ ಪರ್ಮನೆಂಟ್ ಮಾರ್ಕರಿನಿಂದ ಶಾಫ್ಟ್ ಮತ್ತು ಹಬ್ ಎರಡರ ಮೇಲೂ ಹಾಯುವಂತೆ ಒಂದೇ ಗೆರೆ ಎಳೆಯಬೇಕು. ಗೆರೆ ಮುರಿದು ಕಂಡರೆ ಜಾರಿದೆ ಅಂತ ಅರ್ಥ. ಈಗ ಆ ಮಕ್ಕಳು ಗಾಡಿ ಓಡಿಸುವ ಮೊದಲು ಟಾರ್ಚ್ ಹಿಡಿದು ನಾಲ್ಕೂ ಗೆರೆ ನೋಡುತ್ತಾರೆ. ನಮ್ಮ ಶಾಪಿನಲ್ಲಿ ಇಪ್ಪತ್ತು ವರ್ಷದ ಕೆಲಸಗಾರರೂ ಇಷ್ಟು ಶಿಸ್ತಾಗಿ ನೋಡುವುದಿಲ್ಲ.

ಇನ್ನು ಹುಬ್ಬಳ್ಳಿ ಟೀಮಿನ ತೋಳಿನ ಕಥೆ. ಇವರು ಕೆಳಗಿನ ಬುಟ್ಟಿಗೆ ಸಾಕು ಅಂತ ಒಂದು ಉದ್ದ ತೋಳು ಮಾಡಿದರು, ಬುಡದಲ್ಲಿ 312 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಮೋಟರ್. ತೋಳು ಅಡ್ಡ ಚಾಚಿದ್ದಾಗ ಎತ್ತಲು ಆಗದೆ ಮೋಟರ್ ಗುಂಯ್ ಅಂತ ನಿಂತುಬಿಡುತ್ತಿತ್ತು, ಕೈ ಇಟ್ಟರೆ ಬಿಸಿ. ಬ್ಯಾಟರಿ ಸರಿಯಿಲ್ಲ, ಪ್ರೋಗ್ರಾಮಿನಲ್ಲಿ ಪವರ್ ಜಾಸ್ತಿ ಕೊಡೋಣ, ಹೀಗೆ ವಾದ ನಡೆಯಿತು. ನಾನು ಎದುರಿನ ಕಿರಾಣಿ ಅಂಗಡಿಯ ತಕ್ಕಡಿ ಇಸಿದುಕೊಂಡು ಬರೋಕೆ ಹೇಳಿದೆ, ಅಷ್ಟೇ. ತುದಿಯ ಹಿಡಿಕೆ, ಸರ್ವೋ, ತುಂಡು ಸೇರಿ 600 ಗ್ರಾಂ ತೂಗಿತು. ಬುಡದಿಂದ ದೂರ 40 ಸೆಂಟಿಮೀಟರ್. ಗುಣಿಸಿದರೆ 24 ಕೆಜಿ-ಸೆಂಟಿಮೀಟರ್. ತೋಳಿನ ಸ್ವಂತ ಭಾರ ಇನ್ನೂ ಸೇರಿಸಿಲ್ಲ. ಆ ಮೋಟರಿನ ಸ್ಟಾಲ್ ಟಾರ್ಕ್ 24.3. ಅಂದರೆ ಮೋಟರ್ ತಿರುಗದೆ ನಿಂತಾಗ ಇರುವ ತಿರುಚುವ ಬಲವೇ (ಟಾರ್ಕ್) ಅಷ್ಟು. ಎತ್ತುವುದೆಲ್ಲಿಂದ ಬಂತು? ಪುಸ್ತಕದಲ್ಲಿ ಓದಿದ ಟಾರ್ಕ್ ಆವತ್ತು ಅವರ ಕೈಗೆ ಸಿಕ್ಕಿತು. 117 ಆರ್‌ಪಿಎಂ ಗೇರ್ ಬಾಕ್ಸಿನ ಮೋಟರಿಗೆ 68.4 ಇದೆ, ನಿಧಾನ ತಿರುಗಿದರೂ ಎತ್ತುತ್ತದೆ. ಅದನ್ನೇ ಹಾಕಿದರು. ಜೊತೆಗೆ ಹಿಡಿಕೆಯಲ್ಲಿದ್ದ ಬೇಡದ ಅಲ್ಯೂಮಿನಿಯಂ ಕೊಯ್ದು 150 ಗ್ರಾಂ ಇಳಿಸಿದರು.

ತಾನೇ ಓಡುವ 30 ಸೆಕೆಂಡಿನ ಪ್ರೋಗ್ರಾಮಿಗೆ ನಾವು ಬೇಗ ಕೈ ಹಾಕಿದ್ದು ಒಳ್ಳೆಯದಾಯಿತು. ಮೊದಲು ಎರಡು ಸೆಕೆಂಡ್ ಮುಂದೆ ಹೋಗು ಅಂತ ಬರೆದಿದ್ದರು. ಬೆಳಿಗ್ಗೆ ಬ್ಯಾಟರಿ ತುಂಬಿದ್ದಾಗ ಗಾಡಿ ಗೆರೆ ದಾಟಿ ಹೋಗುತ್ತಿತ್ತು, ಸಂಜೆ ಬ್ಯಾಟರಿ ಇಳಿದಾಗ ಒಂದು ಗೇಣು ಮೊದಲೇ ನಿಲ್ಲುತ್ತಿತ್ತು. ಮೋಟರ್ ಎಷ್ಟು ತಿರುಗಿತು ಅಂತ ಎಣಿಸುವ ಎನ್‌ಕೋಡರ್ ಎಣಿಕೆಗೆ ಬದಲಾಯಿಸಿದರು. ಚಕ್ರದ ವ್ಯಾಸ 96 ಮಿಲಿಮೀಟರ್, ಸುತ್ತಳತೆ ಸುಮಾರು 301.6. ಒಂದು ಟೈಲ್ 609.6. ಮೋಟರ್ ಒಂದು ಸುತ್ತಿಗೆ 537.7 ಎಣಿಕೆ. ಅಲ್ಲಿಗೆ ಒಂದು ಟೈಲ್ ದಾಟೋಕೆ 1087. ಈ ಒಂದು ಸಂಖ್ಯೆಯನ್ನು ಮಕ್ಕಳು ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ನಮ್ಮ ಅಗ್ಗದ ಫೋಮ್ ಮ್ಯಾಟ್ ಮೇಲೆ ಚಕ್ರ ಸ್ವಲ್ಪ ಜಾರುತ್ತದೆ, ಅದಕ್ಕೆ ಅಳೆದು ನೋಡಿ ಹತ್ತಿಪ್ಪತ್ತು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕಾಯಿತು.

ಅಕ್ಟೋಬರ್ 11ಕ್ಕೆ ಆಯುಧ ಪೂಜೆ. ಲೇಥ್, ಡ್ರಿಲ್ ಮಷೀನ್, ಪಾನಾಗಳ ಜೊತೆ ರೋಬೋಟಿಗೂ ಕುಂಕುಮ ಹಚ್ಚಿ ಹೂ ಏರಿಸಿದೆವು. ಮರುದಿನ ದಸರಾ. ಧಾರವಾಡದ ಮಕ್ಕಳು ತಮ್ಮ ಗಾಡಿಯನ್ನು ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಬಂದರು. ಎರಡೂ ರೋಬೋಟ್ ಮೊದಲ ಸಲ ಒಂದೇ ಮ್ಯಾಟ್ ಮೇಲೆ ಇಳಿದವು. ನಮ್ಮ ಹತ್ತಿರ ಇದ್ದದ್ದು 12 ಟೈಲ್ ಮಾತ್ರ, ಕಣದ ಮೂರನೇ ಒಂದು ಭಾಗ.

ಮೊದಲಿಗೆ ಪ್ಲೈವುಡ್‌ನಲ್ಲಿ ಮಾಡಿದ 18 ಇಂಚಿನ ಡಬ್ಬಿ ಇಳಿಸಿ ನೋಡಿದರು. ಹುಬ್ಬಳ್ಳಿಯದು ಸರಿ ಕೂತಿತು. ಧಾರವಾಡದ್ದಕ್ಕೆ ಒಂದು ಬೋಲ್ಟಿನ ತಲೆ ತಾಗಿತು, ಅಲ್ಲೇ ಕೊಯ್ದರು. ಹುಬ್ಬಳ್ಳಿಯ ತೋಳು ಐದು ತುಂಡಿನಲ್ಲಿ ಮೂರನ್ನು ಕೆಳಗಿನ ಬುಟ್ಟಿಗೆ ಹಾಕಿತು. ಧಾರವಾಡದವರು ಮೇಲಿನ ಬುಟ್ಟಿಯ ಆಸೆ ಬಿಟ್ಟಿರಲಿಲ್ಲ. ಒಂದರೊಳಗೆ ಒಂದು ಕೂರುವ ಸ್ಲೈಡ್ ಮಾಡಿ ದಾರದಿಂದ ಎಳೆಯುವ ಹಾಗೆ ಕಟ್ಟಿದ್ದರು. ಎರಡು ಹಂತ ಚೆನ್ನಾಗಿ ಏರಿತು. ಮೂರನೆಯದು ಸಿಕ್ಕಿಕೊಂಡಿತು. ಸ್ಲೈಡ್ ಇಳಿಯುವಾಗ ದಾರ ಸಡಿಲಾಗಿ ರಾಟೆಯಿಂದ ಜಾರಿ ಶಾಫ್ಟಿಗೆ ಸುತ್ತಿಕೊಳ್ಳುತ್ತಿತ್ತು. ನಮ್ಮ ಬಡಗಿಯ ಮಗಳು ಮ್ಯಾಟ್ ಮೇಲೆ ಅಂಗಾತ ಮಲಗಿ ಬೆರಳಿನಿಂದ ದಾರ ಬಿಗಿ ಹಿಡಿದಳು, ಧಾರವಾಡದ ಹುಡುಗ ಸ್ಟಿಕ್ ಒತ್ತಿದ. ಮೂರನೇ ಹಂತವೂ ಏರಿತು. ಹಾಗಾದರೆ ಕೆಳಕ್ಕೆ ಎಳೆಯೋಕೆ ಇನ್ನೊಂದು ದಾರ ಬೇಕು ಅಂತ ಇಬ್ಬರೂ ಒಟ್ಟಿಗೆ ಹೇಳಿದರು. ನಾನು ಕಿಟಕಿ ಹತ್ತಿರ ಕೂತು ಕೇಳುತ್ತಿದ್ದೆ, ಅಷ್ಟೇ.

ಸಂಜೆ ಬನ್ನಿ ಕೊಡುವ ಹೊತ್ತಾಯಿತು. ಎರಡೂ ಟೀಮಿನ ಮಕ್ಕಳು ಒಬ್ಬರಿಗೊಬ್ಬರು ಬನ್ನಿ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂದರು. ಯಾರೋ ಒಬ್ಬರು ನಾಲ್ಕು ಎಲೆ ತಂದು ಎರಡೂ ಗಾಡಿಯ ಕೇಬಲ್ ಟೈಗೆ ಸಿಕ್ಕಿಸಿದರು. ಬೋರ್ಡಿನ ಮೇಲೆ ಧಾರವಾಡದ ಹುಡುಗ ಬರೆದ: ನಾಳೆ ಭಾನುವಾರ, ಬೆಳಿಗ್ಗೆ 10ಕ್ಕೆ, ಎರಡನೇ ದಾರ.