ಆಕ್ಸೊಲಾಟಲ್ ಮರಿಗಳ ಗುರುತು ಮತ್ತು ಆರೈಕೆ

ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳ ಮೂಲನಿವಾಸಿಯಾದ ಆಕ್ಸೊಲಾಟಲ್, ಬೆಳೆದ ಮೇಲೂ ನೆಲಕ್ಕೆ ಬಾರದೆ ಕಿವಿರುಗಳನ್ನು ಉಳಿಸಿಕೊಂಡು ಬದುಕಿಡೀ ನೀರಿನಲ್ಲೇ ಕಳೆಯುವ ಸಲಮಾಂಡರ್ (ಹಲ್ಲಿಯಂಥ ಮೈಯುಳ್ಳ, ಕಪ್ಪೆಯ ಬಳಗದ ಉಭಯಚರ). ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, ಭಾರತದಲ್ಲಿ ಇದನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ ಸುಮಾರು 1 ಸೆಂ.ಮೀ. ಉದ್ದವಿದ್ದು, ಮೊದಲ ನೋಟಕ್ಕೆ ಕಪ್ಪೆಯ ಗೊದಮೊಟ್ಟೆಯಂತೆಯೇ ಕಾಣುತ್ತದೆ. ಆದರೆ ಗೊದಮೊಟ್ಟೆಯ ಕಿವಿರುಗಳು ಬೇಗನೆ ಚರ್ಮದಡಿ ಮರೆಯಾಗುತ್ತವೆ; ಇದರ ತಲೆಯ ಎರಡೂ ಪಕ್ಕದಲ್ಲಿ ಮೂರು ಮೂರು ಕಿವಿರುಗಳು ಗರಿಗಳಂತೆ ಹೊರಗೇ ಚಾಚಿಕೊಂಡಿರುತ್ತವೆ. ಕಪ್ಪೆಮರಿಗೆ ಮೊದಲು ಹಿಂಗಾಲು ಕಾಣಿಸಿದರೆ ಇದಕ್ಕೆ ಮುಂಗಾಲು ಮೂಡುತ್ತದೆ. ಇದರ ಹತ್ತಿರದ ಸಂಬಂಧಿಯಾದ ಹುಲಿ ಸಲಮಾಂಡರ್‌ನ ಮರಿಯಿಂದ ಬೇರ್ಪಡಿಸುವುದು ಮಾತ್ರ ಕಷ್ಟ: ಅದು ಕೆಲವು ತಿಂಗಳುಗಳಲ್ಲಿ ಕಿವಿರು ಕಳಚಿಕೊಂಡು ನೆಲ ಹತ್ತುವುದರಿಂದ, ಮಾರುವವರ ಮಾತಿಗಿಂತ ತಾಯ್ತಂದೆಗಳನ್ನು ಕಣ್ಣಾರೆ ನೋಡಿ ಕೊಳ್ಳುವುದು ಲೇಸು.

ಆಹಾರದ ವಿಷಯದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಮೊದಲ ಎರಡು ಮೂರು ದಿನ ಮರಿಯ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಆಹಾರವಾಗಿ ಸಾಕು. ಆಮೇಲೆ ಅದು ಅಲುಗಾಡುವುದನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತದೆ, ಅಲುಗಾಡದ ಒಣ ಆಹಾರದ ಕಾಳನ್ನು ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ 24ರಿಂದ 36 ಗಂಟೆ ಇಟ್ಟು, ಹೊರಬಂದ ಜೀವಿಗಳನ್ನು ಸಿಹಿನೀರಿನಲ್ಲಿ ತೊಳೆದು ದಿನಕ್ಕೆರಡು ಬಾರಿ ಕೊಡಬೇಕು. ಕಿತ್ತಳೆ ಬಣ್ಣಕ್ಕೆ ತಿರುಗಿದ ಹೊಟ್ಟೆಯೇ ಮರಿ ಉಂಡಿದೆಯೆಂಬುದಕ್ಕೆ ಸಾಕ್ಷಿ. 2 ಸೆಂ.ಮೀ. ದಾಟಿದ ಮೇಲೆ ಡಾಫ್ನಿಯಾ ಎಂಬ ಪುಟ್ಟ ನೀರುಚಿಗಟ, ಮತ್ತೆ ಸಣ್ಣಗೆ ಕತ್ತರಿಸಿದ ಎರೆಹುಳು ಕೊಡಬಹುದು.

ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಬೇಕು. 24ರ ಮೇಲೇರಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ನಮ್ಮ ಬೇಸಿಗೆಯಲ್ಲಿ ನೀರು ತಂಪಾಗಿಸುವ ಯಂತ್ರ (ಚಿಲ್ಲರ್) ಇಲ್ಲದೆ ಇದನ್ನು ಸಾಕುವ ಆಸೆಯನ್ನು ಕೈಬಿಡುವುದೇ ಸರಿ. ನಲ್ಲಿನೀರಿನ ಕ್ಲೋರಿನ್ ತೆಗೆದು ಪ್ರತಿದಿನ ನೀರು ಬದಲಿಸಿ, ಉಳಿದ ಆಹಾರವನ್ನು ಡ್ರಾಪರ್‌ನಿಂದ ಹೀರಿ ತೆಗೆಯಬೇಕು. ಸಣ್ಣ ಕಲ್ಲುಗಳನ್ನು ಮರಿಗಳು ನುಂಗಿಬಿಡುವುದರಿಂದ ತಳವನ್ನು ಬರಿದಾಗಿಯೇ ಬಿಡಬೇಕು.

ಮುಂಗಾಲು ಮೂಡಿದೊಡನೆ ಮರಿಗಳನ್ನು ಬೇರೆ ಬೇರೆ ಬಟ್ಟಲುಗಳಿಗೆ ಸಾಗಿಸಬೇಕು, ಏಕೆಂದರೆ ಹಸಿದ ಮರಿ ಪಕ್ಕದ ಮರಿಯ ಕಾಲನ್ನೇ ಕಚ್ಚಿ ತಿನ್ನುತ್ತದೆ. ಹಾಗೆ ಕಾಲು ಕಳೆದುಕೊಂಡ ಮರಿಗೆ ಔಷಧಿ ಹಾಕಲು ಹೋಗದೆ ತಣ್ಣನೆಯ ಶುದ್ಧ ನೀರಿನಲ್ಲಿ ಒಂಟಿಯಾಗಿ ಇಟ್ಟರೆ, ಕೆಲವು ವಾರಗಳಲ್ಲಿ ಅಲ್ಲಿಯೇ ಹೊಸ ಕಾಲು ಬೆರಳುಗಳ ಸಮೇತ ಬೆಳೆಯುತ್ತದೆ.