ಪಹಣಿಯಲ್ಲಿ ಐದು ಹೆಸರು

ಅಪ್ಪ ತೀರಿಕೊಂಡದ್ದು 2018ರ ಬೇಸಿಗೆಯಲ್ಲಿ, ಕಲಬುರಗಿಯ ಆಸ್ಪತ್ರೆಯಲ್ಲಿ. ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಅವರ ಹೆಸರಿಗೆ 5 ಎಕರೆ 10 ಗುಂಟೆ ಹೊಲ ಇತ್ತು. ಅಜ್ಜನಿಂದ ಬಂದದ್ದಲ್ಲ, ಕಂಡಕ್ಟರ್ ನೌಕರಿಯ ಪಗಾರದಲ್ಲಿ 1996ರಲ್ಲಿ ಖರೀದಿ ಹಿಡಿದದ್ದು. ಮೃತ್ಯುಪತ್ರ ಬರೆದಿರಲಿಲ್ಲ. ತೊಗರಿ ಬಿತ್ತುವ ಮುಂಚೆ ತಮ್ಮನಿಗೆ ಬೆಳೆಸಾಲ ಬೇಕು, ಅದಕ್ಕೆ ಪಹಣಿ ನಮ್ಮ ಹೆಸರಿಗೆ ಬರಬೇಕು. ಊರು, ಕಚೇರಿ, ಬ್ಯಾಂಕ್ ಅಂತ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ವಾರ ಹಾಳಾದದ್ದು ಮರಣ ಪ್ರಮಾಣಪತ್ರಕ್ಕೆ. ಊರಿನವರು ಊರಲ್ಲೇ ಮಾಡಿಸಬೇಕು ಅಂದರು, ನಾವೂ ನಂಬಿ ಹೋದೆವು. ಆದರೆ ಸಾವು ಎಲ್ಲಿ ಆಗಿರುತ್ತದೋ ಅಲ್ಲೇ ನೋಂದಣಿ. ನಮ್ಮದು ಕಲಬುರಗಿ ಮಹಾನಗರ ಪಾಲಿಕೆಯಲ್ಲಿ ಸಿಕ್ಕಿತು. ಹತ್ತು ಪ್ರತಿ ತಗೊಂಡೆ, ಹತ್ತೂ ಖರ್ಚಾದವು.

ವಂಶಾವಳಿಗೆ, ಅಂದರೆ ಸತ್ತವರ ಮನೆಯವರ ಪಟ್ಟಿಗೆ, ತಮ್ಮ ಒಬ್ಬ ಏಜೆಂಟನನ್ನು ಹಿಡಿದಿದ್ದ. ಅವನು ಟೈಪ್ ಮಾಡಿಸಿ ತಂದ ಅಫಿಡವಿಟ್ಟಿನಲ್ಲಿ ಎರಡೇ ಹೆಸರು: ಅವ್ವ, ತಮ್ಮ. ಅಕ್ಕ ಇಲ್ಲ, ನಾನಿಲ್ಲ. "ಮದುವಿ ಆದ ಹೆಣ್ಣಮಕ್ಕಳದು ಬರಿಯೂ ಪದ್ಧತಿ ಇಲ್ರೀ ಮೇಡಂ" ಅಂದ. ಸಹಿ ಮಾಡಲು ಅವ್ವ ಪೆನ್ನು ಕೈಗೆ ತಗೊಂಡಿದ್ದಳು. ಆ ಕಾಗದದ ಕೊನೆಗೆ "ಮೇಲಿನವರನ್ನು ಬಿಟ್ಟು ಬೇರೆ ವಾರಸುದಾರರು ಇರುವುದಿಲ್ಲ" ಅಂತ ಪ್ರಮಾಣ ಮಾಡಿದ ಸಾಲು ಇತ್ತು. ಅದನ್ನು ಅವ್ವನಿಗೆ ಓದಿ ಹೇಳಿದೆ. ಪೆನ್ನು ಕೆಳಗಿಟ್ಟಳು.

ಅವತ್ತು ರಾತ್ರಿ ಅಂಗಳದಲ್ಲಿ ದೊಡ್ಡ ಮಾತಾಯಿತು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಅಕ್ಕನಿಗೆ ಭಯ. ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದು 2005ರಲ್ಲಿ, ಅಪ್ಪ ಅದಕ್ಕಿಂತ ಮೊದಲೇ ಹೊಲ ತಗೊಂಡಿದ್ದ ಅನ್ನುವುದು ತಮ್ಮನ ವಾದ. ಈ ತಪ್ಪು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ! 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯ ಮಾತು. ಅಪ್ಪ ಸ್ವಂತ ದುಡಿದು ಗಳಿಸಿ, ಮೃತ್ಯುಪತ್ರ ಬರೆಯದೆ ಹೋದರೆ ಮಗಳಿಗೂ ಮಗನಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ.

ಕಾಯ್ದೆ ಓದುವಾಗ ಇನ್ನೊಂದು ಹೆಸರು ಕಣ್ಣಿಗೆ ಬಿತ್ತು, ಅದು ನನಗೂ ಗೊತ್ತಿರಲಿಲ್ಲ. ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ ಮಕ್ಕಳ ಜೊತೆ ಸತ್ತವನ ತಾಯಿಯೂ ಇದ್ದಾಳೆ. ನಮ್ಮ ಆಯಿ! ಎಂಬತ್ತು ದಾಟಿದ ಆಯಿ ಆಗ ಪಡಸಾಲೆಯಲ್ಲಿ ಕೂತು ಕಡ್ಲಿಬೇಳೆ ಹಸನು ಮಾಡುತ್ತಿದ್ದಳು. ಮಗನ ಹೊಲದಲ್ಲಿ ತನಗೂ ಪಾಲು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ.

ಲೆಕ್ಕ ಸರಳ. 5 ಎಕರೆ 10 ಗುಂಟೆ ಅಂದರೆ 210 ಗುಂಟೆ. ಐದು ಮಂದಿಗೆ ಹಂಚಿದರೆ ತಲೆಗೆ 42, ಒಂದು ಎಕರೆ ಎರಡು ಗುಂಟೆ. ನೋಟ್‌ಬುಕ್ಕಿನಲ್ಲಿ ಬರೆದು ತಮ್ಮನ ಮುಂದಿಟ್ಟೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಹೊಲ ಮಾಡಾಂವ ನಾನೇ ಇರ್ತೀನಲ್ಲ?" ಅಂದ. ಅವನ ಅಂಜಿಕೆ ಅಷ್ಟೇ ಆಗಿತ್ತು. ಹೊಲ ಒಡೆಯುವುದಿಲ್ಲ, ಜಂಟಿ ಖಾತೆ, ಮಾಡುವವನು ಅವನೇ ಅಂತ ಮಾತಾಯಿತು. ನನಗೆ ಪಾಲು ಬ್ಯಾಡ ಅಂತ ಅಕ್ಕ ಆಗಲೂ ಅಂದಳು. ಬಾಯಿಮಾತಿನ ಬ್ಯಾಡ ನಡೆಯುವುದಿಲ್ಲ, ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು, ಒಂದು ವರ್ಷ ತಡಿ ಅಂದೆ. ತಡೆದಳು. ಇವತ್ತಿಗೂ ಬಿಟ್ಟುಕೊಟ್ಟಿಲ್ಲ, ತವರಿನ ಬಾಗಿಲೂ ತೆರೆದೇ ಇದೆ.

ಹೊಸ ವಂಶಾವಳಿ ನಾಡಕಚೇರಿಯಲ್ಲಿ ಆಯಿತು, ತಲಾಠಿ (ಗ್ರಾಮ ಲೆಕ್ಕಿಗರು) ಊರಿಗೆ ಬಂದು ಪಂಚನಾಮೆ ಮಾಡಿದರು. ಪೌತಿ ಖಾತೆಗೆ, ಅಂದರೆ ಸತ್ತವರ ಹೊಲ ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟ ಮೇಲೆ ತಕರಾರಿಗೆ ಅಂತ 30 ದಿನ ನೋಟಿಸು ಹಾಕಿದರು. ನಡುವೆ ಒಂದು ಸಲ ತಡೆಯಿತು. ಆಧಾರಿನಲ್ಲಿ ಅಪ್ಪನ ಹೆಸರಿನ ಕೊನೆಗೆ "ಅಪ್ಪ" ಇತ್ತು, ಪಹಣಿಯಲ್ಲಿ ಇರಲಿಲ್ಲ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದೆ. ಕೊನೆಗೆ ಪಹಣಿಯಲ್ಲಿ ಮಾಲೀಕರ ಹೆಸರಿರುವ ಕಾಲಂ 9ರಲ್ಲಿ ಐದು ಹೆಸರು ಬಂದವು.

ಬ್ಯಾಂಕಿನ ಎಫ್‌ಡಿಗೆ ನಾಮಿನಿ ತಮ್ಮ. ಹಣ ಅವನ ಖಾತೆಗೇ ಬಂತು, ಬ್ಯಾಂಕ್ ಬೇರೆ ಯಾರನ್ನೂ ಕೇಳಲಿಲ್ಲ. ಆದರೆ ನಾಮಿನಿ ಹಣ ತಗೊಳ್ಳುವವನೇ ಹೊರತು ಒಡೆಯನಲ್ಲ, ಅದು ವಾರಸುದಾರರಿಗೆಲ್ಲ ಸೇರಬೇಕು. ಬ್ಯಾಂಕ್ ಖಾತೆಯ ನಾಮಿನಿ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದೂ ಇದನ್ನೇ. ಆ ಹಣ ಪೂರ್ತಿ ಅವ್ವನ ಹೆಸರಿಗೆ ಇಟ್ಟೆವು. ಎಲ್ಲರನ್ನೂ ಕೇಳಿಯೇ ಇಟ್ಟೆವು.

ಆಮೇಲೆ ಒಂದು ದಿನ ಆಯಿ ತಾನಾಗೇ ಕೇಳಿದಳು, "ನಾ ಹೋದ ಮ್ಯಾಲ ನಂದು ಯಾರಿಗಿ?" ಬರೆಯದೆ ಹೋದರೆ ಆ 42 ಗುಂಟೆಯಲ್ಲಿ ಆಯಿಯ ಹೆಣ್ಣುಮಕ್ಕಳಾದ ನಮ್ಮ ಇಬ್ಬರು ಅತ್ತೆಯರಿಗೂ ತೀರಿಹೋದ ಮಗನ ಮಕ್ಕಳಾದ ನಮಗೂ ಪಾಲು, ಸೊಸೆಗೆ ಏನೂ ಇಲ್ಲ. ಆಯಿ ಅತ್ತೆಯರನ್ನು ಕರೆಸಿ ಅವರ ಮುಂದೆಯೇ ತನ್ನ ಮನಸ್ಸು ಹೇಳಿದಳು. ಮೃತ್ಯುಪತ್ರಕ್ಕೆ ಸ್ಟ್ಯಾಂಪ್ ಪೇಪರ್ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆಸುವವರ ಸಹಿಯನ್ನೋ ಹೆಬ್ಬೆಟ್ಟನ್ನೋ ಕಣ್ಣಾರೆ ನೋಡಿದ ಇಬ್ಬರು ಸಾಕ್ಷಿ ಬೇಕೇ ಬೇಕು. ಅದರಿಂದ ಲಾಭ ಆಗದವರನ್ನೇ ಹುಡುಕಿದೆ, ಮಗ್ಗುಲ ಮನೆಯವರು ಬಂದರು. ಆಯಿಗೆ ಓದಲು ಬಾರದು, ವಯಸ್ಸೂ ಆಗಿದೆ. ಅದಕ್ಕೇ ಡಾಕ್ಟರ್ ಸರ್ಟಿಫಿಕೇಟ್ ತಗೊಂಡು ನೋಂದಣಿ ಮಾಡಿಸುವುದು ಲೇಸು ಅನ್ನಿಸಿತು.

ಆಳಂದದ ಉಪನೋಂದಣಿ ಕಚೇರಿಯಲ್ಲಿ ಅಧಿಕಾರಿ ನಮ್ಮನ್ನೆಲ್ಲ ಹೊರಗೆ ಕಳಿಸಿ ಆಯಿಯನ್ನೇ ಕೇಳಿದರು, ಇದರಾಗ ಏನು ಬರಸೀರಿ? ಆಯಿಯ ದನಿ ಬಾಗಿಲಾಚೆಗೂ ಕೇಳಿಸಿತು: "ನನ್ನ ಪಾಲ ನನ್ನ ಸೊಸಿಗಿ ಬರಸೀನಿ. ಮಗ ಇಲ್ಲ, ಆಕಿ ಅದಾಳ." ಹೊರಗೆ ಬಂದು ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ಅವ್ವ ಬಸ್‌ಸ್ಟ್ಯಾಂಡಿನವರೆಗೂ ಮಾತಾಡಲಿಲ್ಲ, ಆಯಿಯ ಕೈ ಹಿಡಿದೇ ನಡೆದಳು.

ಮೂಲಪ್ರತಿ ಅವ್ವನ ಟ್ರಂಕಿನಲ್ಲಿದೆ, ಹೊಸ ಪಹಣಿಯ ಕೆಳಗೆ. ತಮ್ಮನಿಗೂ ಅತ್ತೆಯರಿಗೂ ಜಾಗ ಗೊತ್ತು.